ಶಾಲೆಯ ಎಕೋ ಚೀಟಿಯಲ್ಲಿ ‘ಸ್ವಲ್ಪ ಸೋರಿಕೆ’ ಅಂತಿದೆ. ಹೆದರಬೇಕಾ, ಬಿಟ್ಟುಬಿಡಬೇಕಾ?

ಪ್ರಶ್ನೆ: ನಮ್ಮದು ಕುಮಟಾ ತಾಲೂಕಿನ ಹಳ್ಳಿ. ಯಜಮಾನರು ತದಡಿಯಿಂದ ಬೋಟಿಗೆ ಹೋಗುತ್ತಾರೆ. ಮಗಳಿಗೆ ಹನ್ನೊಂದು ವರ್ಷ, ಆರನೇ ಕ್ಲಾಸು. ಹೋದ ತಿಂಗಳು ಶಾಲೆಗೆ ವೈದ್ಯರ ತಂಡ ಬಂದು ಚಿಕ್ಕ ಮಶೀನಿನಲ್ಲಿ ಮಕ್ಕಳ ಎದೆಯ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್ ಮಾಡಿತು. ನನ್ನ ಮಗಳ ಚೀಟಿಯಲ್ಲಿ ‘ಮೈಟ್ರಲ್ ಕವಾಟದಲ್ಲಿ ಸ್ವಲ್ಪ ಸೋರಿಕೆ, ಬಾರ್ಡರ್‌ಲೈನ್, ಪೂರ್ತಿ ಎಕೋ ಮಾಡಿಸಿ’ ಅಂತ ಬರೆದಿದ್ದಾರೆ. ರುಮ್ಯಾಟಿಕ್ ಕಾಯಿಲೆ ಅಂತಾದರೆ ಮೂರು ವಾರಕ್ಕೊಮ್ಮೆ ಇಂಜೆಕ್ಷನ್, ಅದೂ ವರ್ಷಗಟ್ಟಲೆ ಅಂದರು. ಅವಳಿಗೆ ಏನೂ ತೊಂದರೆ ಇಲ್ಲ. ಯಕ್ಷಗಾನ ಕ್ಲಾಸಿಗೆ ಹೋಗುತ್ತಾಳೆ, ಎಷ್ಟು ಕುಣಿದರೂ ದಮ್ಮು ಬರುವುದಿಲ್ಲ. ಹೋದ ವರ್ಷ ಶಾಲೆಗೆ ಬಂದ ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ಸರಿ ಇದೆ ಅಂದಿದ್ದರು. ಈಗ ಇಸಿಜಿ ಮಾಡಿಸಿದೆವು, ನಾರ್ಮಲ್. ರಕ್ತದಲ್ಲಿ ಎಎಸ್‌ಒ 400 ಬಂದಿದೆ. ಹಿಂದಿನ ಮಳೆಗಾಲದಲ್ಲಿ ಒಮ್ಮೆ ಜ್ವರ ಬಂದು ಮೊಣಕಾಲು ಊದಿತ್ತು, ಅದು ಇಳಿಯುವಾಗ ಪಾದದ ಗಂಟು ಊದಿತು. ಹತ್ತು ದಿನದಲ್ಲಿ ಎಲ್ಲ ಹೋಯಿತು. ಅತ್ತೆ ಅದು ಬೆಳೆಯುವ ನೋವು ಅನ್ನುತ್ತಾರೆ. ಯಜಮಾನರು ಸುಮ್ನೆ ಹೆದರಿಸುತ್ತಾರೆ, ಬಿಡು ಅನ್ನುತ್ತಾರೆ. ಆ ಇಂಜೆಕ್ಷನ್‌ನಿಂದ ಜೀವಕ್ಕೇ ಅಪಾಯ ಅಂತಲೂ ಕೇಳಿದ್ದೇವೆ. ಹೆಣ್ಣು ಮಗು, ನಾಳೆ ಮದುವೆಯ ಮಾತು ಬಂದಾಗ ಏನು ಗತಿ? ಎಂಟು ವರ್ಷದ ಮಗನೂ ಇದ್ದಾನೆ. ಆ ದಿನ ಅವನು ಶಾಲೆಗೆ ಹೋಗಿರಲಿಲ್ಲ. ದಯವಿಟ್ಟು ದಾರಿ ತೋರಿಸಿ.

ಉತ್ತರ: ‘ಬಾರ್ಡರ್‌ಲೈನ್’ ಅನ್ನುವ ಪದ ನಿಮ್ಮ ನಿದ್ದೆ ಕೆಡಿಸಿದೆ. ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ನೀವು ನಡುವೆ ಬರೆದು ಹಾಗೇ ಮುಂದೆ ಹೋದ ಸಾಲು. ಮೊಣಕಾಲು ಊದಿತ್ತು, ಅದು ಇಳಿಯುವಾಗ ಪಾದದ ಗಂಟು ಊದಿತು. ಇದನ್ನು ಶಾಲೆಗೆ ಬಂದ ತಂಡಕ್ಕೆ ಹೇಳಿದ್ದಿರಾ? ಪತ್ರ ನೋಡಿದರೆ ಹೇಳಿದ ಹಾಗೆ ಕಾಣುವುದಿಲ್ಲ. ಹೇಳಿದ್ದರೆ ಅವರು ಆ ಚೀಟಿಯನ್ನು ಇನ್ನೊಂದು ರೀತಿ ಬರೆಯುತ್ತಿದ್ದರೇನೋ.

ಇದೆಲ್ಲ ಶುರುವಾಗುವುದು ಗಂಟಲಿನಲ್ಲಿ. ಗ್ರೂಪ್ ಎ ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಇದೆ. 5ರಿಂದ 15 ವರ್ಷದ ಮಕ್ಕಳ ಗಂಟಲಿಗೆ ಅದರ ಸೋಂಕು ಜಾಸ್ತಿ. ಗಂಟಲು ನೋಯುತ್ತದೆ, ಜ್ವರ ಬರುತ್ತದೆ, ನಾಲ್ಕೈದು ದಿನದಲ್ಲಿ ತಾನಾಗಿಯೇ ಹೋಗುತ್ತದೆ. ಮನೆಯವರು ಮರೆತೂ ಬಿಡುತ್ತಾರೆ. ಆದರೆ ಕೆಲವು ಮಕ್ಕಳಲ್ಲಿ ಎರಡು ಮೂರು ವಾರದ ನಂತರ ಬೇರೆಯೇ ಆಟ ಶುರುವಾಗುತ್ತದೆ. ಬ್ಯಾಕ್ಟೀರಿಯಾದ ಮೈಮೇಲಿರುವ ಪ್ರೋಟೀನಿಗೂ ನಮ್ಮ ಹೃದಯ, ಕೀಲುಗಳಲ್ಲಿರುವ ಕೆಲವು ಪ್ರೋಟೀನುಗಳಿಗೂ ಹೋಲಿಕೆ ಇದೆ. ಕಳ್ಳನನ್ನು ಹುಡುಕುತ್ತ ಬಂದವರು ಅವನಂಥದೇ ಅಂಗಿ ತೊಟ್ಟ ಪಕ್ಕದ ಮನೆಯವನಿಗೆ ಬಾರಿಸಿದ ಹಾಗೆ, ದೇಹದ ರಕ್ಷಣಾ ವ್ಯವಸ್ಥೆ ಸ್ವಂತ ಹೃದಯದ ಮೇಲೇ ತಿರುಗುತ್ತದೆ. ಇದೇ ರುಮ್ಯಾಟಿಕ್ ಜ್ವರ. ಔಷಧಿ ಸಿಗದ ಸ್ಟ್ರೆಪ್ ಗಂಟಲು ನೋವಿನಲ್ಲೂ ಇದು ಬರುವುದು ನೂರಕ್ಕೆ ಹೆಚ್ಚೆಂದರೆ ಮೂರು ಮಕ್ಕಳಿಗೆ. ಯಾರಿಗೆ ಬರುತ್ತದೆ ಅಂತ ಮೊದಲೇ ಹೇಳಲು ಆಗುವುದಿಲ್ಲ.

ಕೀಲಿನ ಊತ ದೊಡ್ಡ ಕೀಲುಗಳಲ್ಲಿ ಬರುತ್ತದೆ. ಮೊಣಕಾಲು, ಪಾದದ ಗಂಟು, ಮೊಣಕೈ, ಮಣಿಕಟ್ಟು. ಒಂದು ಇಳಿಯುವಾಗ ಇನ್ನೊಂದು ಏಳುತ್ತದೆ. ಮಗು ಹೊದಿಕೆ ತಾಗಿದರೂ ಕೂಗುತ್ತದೆ. ಸಾಮಾನ್ಯ ನೋವಿನ ಮಾತ್ರೆ ಕೊಟ್ಟರೆ ಒಂದೆರಡು ದಿನದಲ್ಲಿ ಗಣನೀಯವಾಗಿ ಕಡಿಮೆ ಆಗುತ್ತದೆ, ಕೀಲಿಗೆ ಶಾಶ್ವತ ತೊಂದರೆಯೂ ಉಳಿಯುವುದಿಲ್ಲ. ಎಲ್ಲರೂ ಮೋಸ ಹೋಗುವುದು ಇಲ್ಲೇ. ಕಾಲು ಸರಿ ಆಯಿತು, ಕಾಯಿಲೆ ಹೋಯಿತು ಅಂದುಕೊಳ್ಳುತ್ತಾರೆ. ಅದೇ ಹೊತ್ತಿಗೆ ಹೃದಯದಲ್ಲಿ ಉರಿಯೂತ ನಡೆದಿರಬಹುದು, ಅದಕ್ಕೆ ನೋವೇ ಇರುವುದಿಲ್ಲ. ರುಮ್ಯಾಟಿಕ್ ಜ್ವರ ಬಂದ ಮಕ್ಕಳಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚಿನವರ ಹೃದಯಕ್ಕೆ ಪೆಟ್ಟು ಬೀಳುತ್ತದೆ. ಮುಖ್ಯವಾಗಿ ಎಡಭಾಗದ ಮೈಟ್ರಲ್ ಕವಾಟಕ್ಕೆ. ಅದರ ಅಂಚು ದಪ್ಪಗಾಗುತ್ತದೆ, ಸರಿಯಾಗಿ ಮುಚ್ಚುವುದಿಲ್ಲ, ರಕ್ತ ಸ್ವಲ್ಪ ಹಿಂದಕ್ಕೆ ಸೋರುತ್ತದೆ.

ಅತ್ತೆಯವರು ಹೇಳುವ ಬೆಳೆಯುವ ನೋವು ಸುಳ್ಳಲ್ಲ. ಅಂಥದ್ದೊಂದು ಇದೆ. ಆದರೆ ಅದು ಸಂಜೆ ಅಥವಾ ರಾತ್ರಿ ಬರುತ್ತದೆ, ಎರಡೂ ಕಾಲಿನ ಮಾಂಸಖಂಡದಲ್ಲಿ ಇರುತ್ತದೆ, ತಿಕ್ಕಿದರೆ ಹಾಯೆನಿಸುತ್ತದೆ, ಬೆಳಿಗ್ಗೆ ಮಗು ಆಡಲು ಓಡುತ್ತದೆ. ಬೆಳೆಯುವ ನೋವಿನಲ್ಲಿ ಜ್ವರ ಬರುವುದಿಲ್ಲ, ಕೀಲು ಊದುವುದಿಲ್ಲ. ನಿಮ್ಮ ಮಗಳಿಗೆ ಎರಡೂ ಇತ್ತು. ನಮ್ಮ ಜಿಲ್ಲೆಯಲ್ಲಿ ಜ್ವರ, ಮೈಕೈ ನೋವು ಅಂದ ಕೂಡಲೇ ಮಳೆಗಾಲದಲ್ಲಿ ಡೆಂಗೆ, ಚಿಕುನ್‌ಗುನ್ಯಾ, ಇಲಿಜ್ವರ ನೆನಪಾಗುತ್ತದೆ. ಸಿದ್ದಾಪುರ, ಶಿರಸಿ ಕಡೆ ಬೇಸಿಗೆಯಲ್ಲಾದರೆ ಮಂಗನ ಕಾಯಿಲೆ. ಹಾಗೆ ನೆನಪಾಗುವುದು ಸರಿಯೇ. ಆದರೆ ಶಾಲೆಗೆ ಹೋಗುವ ಮಗುವಿಗೆ ಜ್ವರದ ಜೊತೆ ಕೀಲು ಊದಿ, ಊತ ಜಾಗ ಬದಲಿಸಿದರೆ ಆ ಪಟ್ಟಿಗೆ ರುಮ್ಯಾಟಿಕ್ ಜ್ವರವೂ ಸೇರಬೇಕು. ಬಹಳ ಸಲ ಸೇರುವುದಿಲ್ಲ.

ಈಗ ಚೀಟಿಗೆ ಬರೋಣ. ಏನೂ ಹಿನ್ನೆಲೆ ಇಲ್ಲದ ಮಗುವಿನ ಎಕೋದಲ್ಲಿ ಚೂರು ಸೋರಿಕೆ ಕಂಡರೆ ಅದನ್ನು ಬಾರ್ಡರ್‌ಲೈನ್ ಅನ್ನುತ್ತಿದ್ದರು. ವಿಶ್ವ ಹೃದಯ ಒಕ್ಕೂಟ 2012ರಲ್ಲಿ ಮಾಡಿದ ಮಾನದಂಡದಲ್ಲಿ ಆ ಹೆಸರು ಇತ್ತು. 2023ರ ಪರಿಷ್ಕರಣೆಯಲ್ಲಿ ಎ, ಬಿ, ಸಿ, ಡಿ ಅಂತ ಹಂತಗಳು ಬಂದಿವೆ. ಎ ಅಂದರೆ ತೀರಾ ಆರಂಭದ್ದು, ಕಾಯಿಲೆಯೇ ಅಲ್ಲದೆಯೂ ಇರಬಹುದು. ಬಿ ಅಂದರೆ ಸೌಮ್ಯ, ಆದರೆ ಕವಾಟದ ಆಕಾರವೂ ಬದಲಾಗಿದೆ. ಸಿ ಮತ್ತು ಡಿ ಮುಂದುವರಿದ ಹಂತಗಳು. ಆರೋಗ್ಯವಂತ ಮಕ್ಕಳಲ್ಲೂ ಮೈಟ್ರಲ್ ಕವಾಟದಲ್ಲಿ ಸಣ್ಣ ಸೋರಿಕೆ ಕಾಣುವುದುಂಟು. ಅದಕ್ಕೇ ಪೂರ್ತಿ ಎಕೋದಲ್ಲಿ ಅಳತೆ ತೆಗೆಯುತ್ತಾರೆ. ಸೋರಿಕೆಯ ಉದ್ದ ಎಷ್ಟು, ಎರಡು ಕೋನದಿಂದ ನೋಡಿದರೂ ಕಾಣುತ್ತದಾ, ಕವಾಟದ ಎಲೆ 3 ಮಿಲಿಮೀಟರಿಗಿಂತ ದಪ್ಪ ಇದೆಯಾ ಅಂತ ನೋಡುತ್ತಾರೆ. ಶಾಲೆಯ ಬೆಂಚಿನ ಮೇಲೆ ಮಲಗಿಸಿ ಎರಡು ನಿಮಿಷದಲ್ಲಿ ನೋಡಿದ ಕೈಮಶೀನಿನಲ್ಲಿ ಇದೆಲ್ಲ ಸಾಧ್ಯವಿಲ್ಲ. ಅದರ ಕೆಲಸ ಯಾರನ್ನು ಮುಂದೆ ಕಳಿಸಬೇಕು ಅಂತ ಆರಿಸುವುದು, ಅಷ್ಟೇ. ಆ ಚೀಟಿಯನ್ನು ಕಾಯಿಲೆಯ ತೀರ್ಪು ಅಂತ ಓದಬೇಡಿ.

ಆದರೆ ಹಳೆಯ ಕೀಲಿನ ಊತ ನಿಜವಾಗಿಯೂ ರುಮ್ಯಾಟಿಕ್ ಜ್ವರವೇ ಆಗಿದ್ದರೆ ಈ ‘ಬಾರ್ಡರ್‌ಲೈನ್’ ಲೆಕ್ಕ ಅನ್ವಯಿಸುವುದೇ ಇಲ್ಲ. ಅದು ಹಿನ್ನೆಲೆ ಇಲ್ಲದ ಮಕ್ಕಳಿಗೆ ಮಾಡಿದ್ದು. ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿನ ಕವಾಟದಲ್ಲಿ ಸೋರಿಕೆ ಕಂಡರೆ ಅದನ್ನು ರುಮ್ಯಾಟಿಕ್ ಹೃದಯ ಕಾಯಿಲೆ ಅಂತಲೇ ಹಿಡಿದು ನಡೆಯುತ್ತೇವೆ. ಯಾಕೆಂದರೆ ಒಮ್ಮೆ ಬಂದವರಿಗೆ ಮುಂದಿನ ಸ್ಟ್ರೆಪ್ ಸೋಂಕಿನಲ್ಲಿ ಅದು ಮರುಕಳಿಸುವ ಸಾಧ್ಯತೆ ಉಳಿದ ಮಕ್ಕಳಿಗಿಂತ ಬಹಳ ಜಾಸ್ತಿ. ಪ್ರತಿ ಸಲ ಮರುಕಳಿಸಿದಾಗಲೂ ಕವಾಟ ಇನ್ನಷ್ಟು ಹಾಳಾಗುತ್ತದೆ. ಹಾಗಾಗಿ ಎಕೋ ಮಾಡುವ ವೈದ್ಯರಿಗೆ ಮೊದಲು ಹೇಳಬೇಕಾದದ್ದು ಆ ಮಳೆಗಾಲದ ಕಥೆ. ಯಾವ ತಿಂಗಳು, ಯಾವ ಕೀಲು, ಎಷ್ಟು ದಿನ, ಅದಕ್ಕೆ ಮೊದಲು ಗಂಟಲು ನೋವು ಇತ್ತಾ. ಆಗಿನ ಔಷಧಿ ಚೀಟಿ, ರಕ್ತ ಪರೀಕ್ಷೆ ಮನೆಯಲ್ಲಿ ಎಲ್ಲಾದರೂ ಇದ್ದರೆ ಹುಡುಕಿ ಒಯ್ಯಿರಿ.

ಸ್ಟೆತಾಸ್ಕೋಪಿನಲ್ಲಿ ಸರಿ ಇತ್ತಲ್ಲ ಅನ್ನುತ್ತೀರಿ. ಹೋದ ವರ್ಷದ ಡಾಕ್ಟರರದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಗಲಾಟೆಯ ಶಾಲೆಯಲ್ಲಿ, ಸಾಲಾಗಿ ನಿಂತ ನೂರು ಮಕ್ಕಳಲ್ಲಿ ಸಣ್ಣ ಸೋರಿಕೆಯ ಸದ್ದು ಕಿವಿಗೆ ಬೀಳುವುದೇ ಕಷ್ಟ. ಬಹಳ ಸಲ ಸದ್ದೇ ಇರುವುದಿಲ್ಲ. ದಿಲ್ಲಿಯ ಏಮ್ಸ್ ವೈದ್ಯರು ಹರಿಯಾಣದ ಬಲ್ಲಭಗಢದಲ್ಲಿ 6270 ಶಾಲಾ ಮಕ್ಕಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟರು. ಕಿವಿಯಿಂದ ಕೇಳಿ ಪತ್ತೆಯಾದದ್ದು ಸಾವಿರಕ್ಕೆ ಒಂದಕ್ಕಿಂತ ಕಡಿಮೆ, 0.8. ಎಕೋದಲ್ಲಿ ಸಿಕ್ಕಿದ್ದು ಸಾವಿರಕ್ಕೆ 20.4. ಅದಕ್ಕೂ ಮೊದಲು 2007ರಲ್ಲಿ ಕಾಂಬೋಡಿಯಾ, ಮೊಜಾಂಬಿಕ್ ಮಕ್ಕಳಲ್ಲಿ ಮಾಡಿದ ಅಧ್ಯಯನದಲ್ಲೂ ಸುಮಾರು ಹತ್ತು ಪಟ್ಟು ವ್ಯತ್ಯಾಸ ಬಂದಿತ್ತು. ಇದರ ಇನ್ನೊಂದು ಮುಖವೂ ಇದೆ. ಸದ್ದು ಕೇಳಿಸಿದ ಮಾತ್ರಕ್ಕೆ ಕಾಯಿಲೆ ಅಲ್ಲ. ಬೆಳೆಯುವ ಮಕ್ಕಳಲ್ಲಿ ಬಹಳ ಮಂದಿಗೆ ಒಂದಲ್ಲ ಒಂದು ಸಮಯದಲ್ಲಿ ನಿರಪಾಯದ ಮರ್ಮರ್ ಕೇಳಿಸುತ್ತದೆ. ‘ಹೃದಯದಲ್ಲಿ ತೂತು ಇದೆಯಂತೆ’ ಅಂತ ಅಳುತ್ತ ಬರುವ ತಂದೆತಾಯಿಯಲ್ಲಿ ಎಷ್ಟೋ ಜನರನ್ನು ಎಕೋ ಮಾಡಿ ನಗಿಸಿ ಕಳಿಸಿದ್ದೇನೆ.

ಇಸಿಜಿ ನಾರ್ಮಲ್ ಅನ್ನುವುದಕ್ಕೂ ಇಲ್ಲಿ ಹೆಚ್ಚು ಬೆಲೆ ಇಲ್ಲ. ಅದು ಹೃದಯದ ವಿದ್ಯುತ್ ಸಂಚಾರ ತೋರಿಸುತ್ತದೆ, ಕವಾಟದ ಸೋರಿಕೆ ತೋರಿಸುವುದಿಲ್ಲ.

ಎಎಸ್‌ಒ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಕಡೆ ಇದರಷ್ಟು ಗೊಂದಲ ಮಾಡಿದ ರಕ್ತ ಪರೀಕ್ಷೆ ಇನ್ನೊಂದಿಲ್ಲ. ಆ ಸಂಖ್ಯೆ ಹೇಳುವುದು ಇಷ್ಟೇ: ಈ ಮಗುವಿಗೆ ಇತ್ತೀಚೆಗೆ ಸ್ಟ್ರೆಪ್ ಸೋಂಕು ಬಂದು ಹೋಗಿರಬಹುದು. ಶಾಲೆಗೆ ಹೋಗುವ ಮಕ್ಕಳಿಗೆ ಅದು ಬರುತ್ತಲೇ ಇರುತ್ತದೆ. ಲ್ಯಾಬ್ ಚೀಟಿಯಲ್ಲಿ 200ರ ಒಳಗೆ ಇರಬೇಕು ಅಂತ ಅಚ್ಚಾಗಿರುತ್ತದೆ, ಅದು ದೊಡ್ಡವರಿಗೆ ಸರಿಹೋಗುವ ಮಿತಿ. ಯಾವ ತೊಂದರೆಯೂ ಇಲ್ಲದ ಮಕ್ಕಳಲ್ಲೂ 300, 400 ಬರುತ್ತದೆ. ಬರೀ ಎಎಸ್‌ಒ ಜಾಸ್ತಿ ಬಂತು ಅಂತ ವರ್ಷಗಟ್ಟಲೆ ಪೆನ್ಸಿಲಿನ್ ಚುಚ್ಚಿಸಿಕೊಂಡ ಮಕ್ಕಳು ನನ್ನ ಹತ್ತಿರ ಬರುತ್ತಾರೆ. ಅವರ ಕೀಲೂ ಊದಿರಲಿಲ್ಲ, ಕವಾಟವೂ ಸೋರುತ್ತಿರಲಿಲ್ಲ. ನೋಡಿ ಸಿಟ್ಟು ಬರುತ್ತದೆ. ನಿಜವಾಗಿ ಬೇಕಾದ ಮಗುವಿಗೆ ಇಂಜೆಕ್ಷನ್ ಸಿಗುವುದಿಲ್ಲ, ಬೇಡದವರಿಗೆ ಚುಚ್ಚುತ್ತಾರೆ. ಎಎಸ್‌ಒ ಇಳಿದರೆ ಕಾಯಿಲೆ ಇಳಿಯಿತು ಅನ್ನುವುದೂ ಸುಳ್ಳು. ನಿಮ್ಮ ಮಗಳ 400 ಅನ್ನು ಬದಿಗಿಡಿ. ಅದಕ್ಕಾಗಿ ತಿಂಗಳು ತಿಂಗಳು ರಕ್ತ ಕೊಡಿಸಬೇಡಿ.

ಇನ್ನು ಕೆಲವು ಮಾತು ನೀವು ಕೇಳಿರುತ್ತೀರಿ. ಮಳೆಯಲ್ಲಿ ನೆನೆದು ಬರುತ್ತದೆ, ಐಸ್‌ಕ್ಯಾಂಡಿ ತಿಂದು ಬರುತ್ತದೆ ಅಂತ. ಹಾಗಲ್ಲ. ಮಳೆ ಬಂದಾಗ ಮಕ್ಕಳು ಕಿಟಕಿ ಮುಚ್ಚಿದ ಕೋಣೆಯಲ್ಲಿ ಒತ್ತೊತ್ತಾಗಿ ಕೂರುತ್ತಾರೆ. ಕೆಮ್ಮಿನ, ಉಗುಳಿನ ಹನಿಯಿಂದ ಸೋಂಕು ದಾಟುತ್ತದೆ. ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವ ಮನೆಗಳು, ಹಾಸ್ಟೆಲುಗಳು, ಆಶ್ರಮ ಶಾಲೆಗಳಲ್ಲಿ ಇದು ಹೆಚ್ಚು ಕಾಣುವುದು ಅದಕ್ಕೇ. ಯುರೋಪಿನಲ್ಲಿ ಪೆನ್ಸಿಲಿನ್ ಬರುವ ಮೊದಲೇ ಈ ಕಾಯಿಲೆ ಇಳಿಯತೊಡಗಿತ್ತು. ಮನೆ ದೊಡ್ಡದಾಯಿತು, ಜನ ಹರಡಿ ಮಲಗಿದರು. ಟಾನ್ಸಿಲ್ ತೆಗೆಸಿದರೆ ಎಲ್ಲ ಸರಿ ಹೋಗುತ್ತದಾ ಅಂತಲೂ ಕೇಳುತ್ತಾರೆ. ಇಲ್ಲ, ಟಾನ್ಸಿಲ್ ಇಲ್ಲದ ಗಂಟಲಿಗೂ ಸ್ಟ್ರೆಪ್ ಬರುತ್ತದೆ.

ಈಗ ನಿಮ್ಮ ಮುಂದೆ ಇರುವ ದಾರಿಗಳು. ಯಜಮಾನರು ಹೇಳಿದ ಹಾಗೆ ಬಿಟ್ಟುಬಿಡುವುದು ಒಂದು. ಅದಕ್ಕೆ ಅವರನ್ನು ಬೈಯುವುದಿಲ್ಲ. ಕುಣಿಯುವ ಮಗುವನ್ನು ನೋಡಿ ಕಾಯಿಲೆ ಅಂತ ನಂಬುವುದು ಯಾರಿಗೂ ಸುಲಭ ಅಲ್ಲ. ಆದರೆ ಸೌಮ್ಯ ಸೋರಿಕೆಯಲ್ಲಿ ದಮ್ಮು ಬರುವುದೇ ಇಲ್ಲ. ದಮ್ಮು ಬರುವ ಹೊತ್ತಿಗೆ ಕವಾಟ ಸಾಕಷ್ಟು ಕೆಟ್ಟಿರುತ್ತದೆ. ನಮ್ಮ ಕಡೆ ಈ ಕಾಯಿಲೆ ಮೊದಲ ಸಲ ಪತ್ತೆಯಾಗುವುದು ಬಹಳ ಸಲ ಬಸುರಿಯಲ್ಲಿ. ಐದಾರು ತಿಂಗಳಾಗಿ ರಕ್ತದ ಪ್ರಮಾಣ ಏರಿದಾಗ, ವರ್ಷಗಳಲ್ಲಿ ದಪ್ಪಗಾಗಿ ಕಿರಿದಾದ ಕವಾಟ ತಡೆಯಲಾರದೆ, ರಾತ್ರಿ ಉಸಿರು ಕಟ್ಟಿ ಹುಡುಗಿಯನ್ನು ಆಂಬುಲೆನ್ಸ್‌ನಲ್ಲಿ ಹಾಕಿಕೊಂಡು ಓಡುತ್ತಾರೆ. ದೊಡ್ಡ ಹೃದಯ ಆಸ್ಪತ್ರೆ ಈ ಜಿಲ್ಲೆಯಲ್ಲಿ ಇಲ್ಲ. ಮಣಿಪಾಲ, ಹುಬ್ಬಳ್ಳಿ, ಗೋವಾ, ಯಾವ ಕಡೆ ಹೊರಟರೂ ಗಂಟೆಗಟ್ಟಲೆ ದಾರಿ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಇಡೀ ಜಿಲ್ಲೆ ಕೂಗಿದ್ದು ಸುಮ್ಮನೆ ಅಲ್ಲ.

ಮದುವೆಯ ವಿಷಯಕ್ಕೂ ಉತ್ತರ ಇಲ್ಲೇ ಇದೆ. ಹನ್ನೊಂದಕ್ಕೆ ಗೊತ್ತಾಗಿ, ಇಂಜೆಕ್ಷನ್ ತಪ್ಪದೆ ಪಡೆದು, ಸೋರಿಕೆ ಸೌಮ್ಯವಾಗಿಯೇ ಉಳಿದ ಅಥವಾ ಮಾಯವಾದ ಹುಡುಗಿ ಓದಬಹುದು, ಕೆಲಸಕ್ಕೆ ಹೋಗಬಹುದು, ಮದುವೆ ಆಗಬಹುದು, ಮಗು ಹೆರಬಹುದು. ಬಸುರಿಯಾದಾಗಲೂ ಪೆನ್ಸಿಲಿನ್ ಪಡೆಯಬಹುದು, ಮಗುವಿಗೆ ತೊಂದರೆ ಇಲ್ಲ. ತೊಂದರೆ ಬರುವುದು ಗೊತ್ತಾಗದೆ ಉಳಿದವರಿಗೆ. ಕವಾಟ ಪೂರ್ತಿ ಕೆಟ್ಟು ಲೋಹದ ಕವಾಟ ಹಾಕಿಸಿಕೊಂಡರೆ ಜೀವನಪೂರ್ತಿ ರಕ್ತ ತೆಳು ಮಾಡುವ ಮಾತ್ರೆ ಬೇಕು, ಅದು ಗರ್ಭಕ್ಕೆ ಅಪಾಯ. ಊರಿಗೆಲ್ಲ ಹೇಳಿಕೊಂಡು ಬರಬೇಕಾಗಿಲ್ಲ. ಶಾಲೆಯ ಕ್ಲಾಸ್ ಟೀಚರಿಗೆ, ಊರಿನ ಆಶಾ ಕಾರ್ಯಕರ್ತೆಗೆ ಗೊತ್ತಿದ್ದರೆ ಸಾಕು.

ಎರಡನೇ ದಾರಿ, ಪೂರ್ತಿ ಎಕೋ ಮಾಡಿಸದೆ ಈಗಲೇ ಇಂಜೆಕ್ಷನ್ ಶುರು ಮಾಡುವುದು. ಅದೂ ಬೇಡ. ಚೀಟಿ ತಪ್ಪಾಗಿದ್ದರೆ ವರ್ಷಗಟ್ಟಲೆ ಸುಮ್ಮನೆ ಚುಚ್ಚಿಸಿದ ಹಾಗಾಗುತ್ತದೆ. ಮಕ್ಕಳ ಹೃದಯ ನೋಡಿ ಅಭ್ಯಾಸ ಇರುವವರ ಹತ್ತಿರ ಮೊದಲು ಎಕೋ ಆಗಲಿ.

ಹಿನ್ನೆಲೆ ಏನೂ ಇಲ್ಲ, ಎಕೋದಲ್ಲಿ ಎ ಹಂತ ಮಾತ್ರ ಅಂತ ಬಂದರೆ ಹೆಚ್ಚಿನ ವೈದ್ಯರು ಒಂದೆರಡು ವರ್ಷದ ಒಳಗೆ ಮತ್ತೆ ಎಕೋ ಮಾಡೋಣ ಅನ್ನುತ್ತಾರೆ. ಅದು ಸರಿ. ಬಿ ಹಂತ ಅಂತ ಬಂದರೆ, ಅಥವಾ ಹಳೆಯ ಕೀಲಿನ ಊತ ರುಮ್ಯಾಟಿಕ್ ಅಂತ ತಜ್ಞರಿಗೆ ಅನಿಸಿದರೆ ಇಂಜೆಕ್ಷನ್ ಬೇಕು. ಈ ಮೌನವಾದ ಹಂತದಲ್ಲಿ ಇಂಜೆಕ್ಷನ್ ನಿಜಕ್ಕೂ ಉಪಯೋಗಕ್ಕೆ ಬರುತ್ತದಾ ಅನ್ನುವ ಪ್ರಶ್ನೆ ನಮ್ಮ ವೃತ್ತಿಯಲ್ಲೇ ಬಹಳ ಕಾಲ ಇತ್ತು. ಉಗಾಂಡಾದಲ್ಲಿ 5ರಿಂದ 17 ವರ್ಷದ 818 ಮಕ್ಕಳ ಮೇಲೆ ನಡೆದ ಪರೀಕ್ಷೆ 2021ರಲ್ಲಿ ಉತ್ತರ ಕೊಟ್ಟಿತು. ನಾಲ್ಕು ವಾರಕ್ಕೊಮ್ಮೆ ಪೆನ್ಸಿಲಿನ್ ಪಡೆದ ಗುಂಪಿನಲ್ಲಿ ಎರಡು ವರ್ಷದಲ್ಲಿ ಕಾಯಿಲೆ ಮುಂದುವರಿದದ್ದು 3 ಮಕ್ಕಳಲ್ಲಿ. ಪಡೆಯದ ಗುಂಪಿನಲ್ಲಿ 33 ಮಕ್ಕಳಲ್ಲಿ, ಅಂದರೆ 8.2 ಶೇಕಡಾ. ಈ ಅಂಕಿಯನ್ನು ನಾನು ಪೋಷಕರಿಗೆ ಎರಡೂ ಕಡೆಯಿಂದ ಓದಿ ಹೇಳುತ್ತೇನೆ. ಇಂಜೆಕ್ಷನ್ ಸ್ಪಷ್ಟವಾಗಿ ಕೆಲಸ ಮಾಡುತ್ತದೆ. ಹಾಗೆಯೇ, ಇಂಜೆಕ್ಷನ್ ಇಲ್ಲದೆಯೂ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಆ ಎರಡು ವರ್ಷದಲ್ಲಿ ಅದು ಹೆಚ್ಚಲಿಲ್ಲ. ಎರಡೂ ಗುಂಪಿನಲ್ಲಿ ಸುಮಾರು ಅರ್ಧ ಮಕ್ಕಳ ಎಕೋ ಸುಧಾರಿಸಿಯೂ ಇತ್ತು. ಹಾಗಾಗಿ ಚೀಟಿ ನೋಡಿ ಎದೆ ಒಡೆದುಕೊಳ್ಳುವ ಅಗತ್ಯ ಇಲ್ಲ. ಆದರೆ ಯಾವ ಮಗುವಿನದ್ದು ಮುಂದುವರಿಯುತ್ತದೆ ಅಂತ ಮೊದಲೇ ತಿಳಿಯುವ ಉಪಾಯ ನಮ್ಮ ಹತ್ತಿರ ಇಲ್ಲ. ನಿಮ್ಮ ಮಗಳಿಗೆ ಕೀಲು ಊದಿದ ಇತಿಹಾಸ ಇರುವುದರಿಂದ ನಾನಾದರೆ ಇಂಜೆಕ್ಷನ್ ಕಡೆಗೇ ವಾಲುತ್ತೇನೆ.

ಇಂಜೆಕ್ಷನ್ ಹೆಸರು ಬೆಂಜಥೀನ್ ಪೆನ್ಸಿಲಿನ್. ತೂಕ ನೋಡಿ 6 ಲಕ್ಷ ಅಥವಾ 12 ಲಕ್ಷ ಯೂನಿಟ್, ನಮ್ಮ ದೇಶದಲ್ಲಿ 21 ದಿನಕ್ಕೊಮ್ಮೆ. ಹೃದಯಕ್ಕೆ ಪೆಟ್ಟು ಬಿದ್ದ ಮಗುವಿಗೆ ಕೊನೆಯ ಸಲ ರುಮ್ಯಾಟಿಕ್ ಜ್ವರ ಬಂದಾಗಿನಿಂದ ಕನಿಷ್ಠ 10 ವರ್ಷ ಅಥವಾ 21 ವಯಸ್ಸಿನವರೆಗೆ, ಯಾವುದು ದೂರವೋ ಅಲ್ಲಿಯವರೆಗೆ. ಕವಾಟದ ತೊಂದರೆ ಉಳಿದರೆ ಇನ್ನೂ ಮುಂದಕ್ಕೆ. ಏನೂ ಹಿನ್ನೆಲೆ ಇಲ್ಲದೆ ಬರೀ ಎಕೋದಲ್ಲಿ ಸಿಕ್ಕ ಮಕ್ಕಳಿಗೆ ಇಷ್ಟು ವರ್ಷ ಬೇಕಾಗಲಿಕ್ಕಿಲ್ಲ. ಅವರ ಎಕೋ ಮತ್ತೆ ಮತ್ತೆ ನೋಡಿ ತೀರ್ಮಾನಿಸುತ್ತಾರೆ. ಪೆನ್ಸಿಲಿನ್ ಹಳೆಯ ಪೆಟ್ಟನ್ನು ಅಳಿಸುವುದಿಲ್ಲ. ಹೊಸ ಸೋಂಕು ಬಾರದ ಹಾಗೆ ತಡೆಯುತ್ತದೆ, ಆಗ ಸಣ್ಣ ಸೋರಿಕೆಗಳು ಎಷ್ಟೋ ಸಲ ತಾವಾಗಿಯೇ ಕಡಿಮೆ ಆಗುತ್ತವೆ. ಮೂಳೆ ಸವೆಯುತ್ತದೆ, ಮಕ್ಕಳಾಗುವುದಿಲ್ಲ ಅಂತೆಲ್ಲ ಊರಲ್ಲಿ ಹೇಳುತ್ತಾರೆ. ಅದರಲ್ಲಿ ಹುರುಳಿಲ್ಲ.

ಜೀವಕ್ಕೆ ಅಪಾಯ ಅನ್ನುವ ಮಾತು ಮಾತ್ರ ಪೂರ್ತಿ ಸುಳ್ಳಲ್ಲ. ಪೆನ್ಸಿಲಿನ್‌ಗೆ ತೀವ್ರ ಅಲರ್ಜಿ ಆಗಬಹುದು. ಅದರ ಪ್ರಮಾಣ ಸುಮಾರು ಹತ್ತು ಸಾವಿರ ಇಂಜೆಕ್ಷನ್‌ಗೆ ಒಂದು, ಸಾವು ಅದಕ್ಕಿಂತಲೂ ತುಂಬಾ ಅಪರೂಪ. ಅದಕ್ಕೇ ಇಂಜೆಕ್ಷನ್ ಮನೆಯಲ್ಲಿ, ಮೆಡಿಕಲ್ ಶಾಪಿನಲ್ಲಿ ಹಾಕಿಸಬಾರದು. ತೀವ್ರ ಅಲರ್ಜಿಗೆ ತಕ್ಷಣ ಕೊಡುವ ಅಡ್ರಿನಲಿನ್ ಔಷಧಿ ಇರುವ ಆಸ್ಪತ್ರೆಯಲ್ಲೇ ಹಾಕಿಸಿ ಅರ್ಧ ಗಂಟೆ ಕೂರಬೇಕು. ಇನ್ನೊಂದು ವಿಷಯ ಇತ್ತೀಚೆಗೆ ತಿಳಿದದ್ದು. ಇಂಜೆಕ್ಷನ್ ನಂತರ ಕುಸಿದ ಕೆಲವರಲ್ಲಿ ಕಾರಣ ಅಲರ್ಜಿ ಅಲ್ಲ. ಅವರ ಕವಾಟ ಮೊದಲೇ ತೀವ್ರವಾಗಿ ಹಾಳಾಗಿತ್ತು, ಹೃದಯ ಸೋತಿತ್ತು. ನೋವು, ಹೆದರಿಕೆಗೆ ರಕ್ತದೊತ್ತಡ ಇಳಿದಾಗ ಆ ಹೃದಯ ತಾಳಲಿಲ್ಲ. ಅಂಥವರಿಗೆ ಈಗ ದಿನಕ್ಕೆರಡು ಸಲದ ಪೆನ್ಸಿಲಿನ್ ಮಾತ್ರೆಯೇ ವಾಸಿ ಅನ್ನುತ್ತೇವೆ. ಸೌಮ್ಯ ಸೋರಿಕೆಯ, ಕುಣಿದಾಡುವ ಮಗು ಆ ಗುಂಪಿಗೆ ಸೇರುವುದಿಲ್ಲ. ಅವಳಿಗೂ ಮಾತ್ರೆಯನ್ನೇ ಕೊಡಬಹುದಲ್ಲ ಅಂದರೆ ಕೊಡಬಹುದು, ಆದರೆ ಇಂಜೆಕ್ಷನ್‌ನಷ್ಟು ರಕ್ಷಣೆ ಇಲ್ಲ. ದಿನಕ್ಕೆ ಎರಡು ಮಾತ್ರೆ ಹತ್ತು ವರ್ಷ ತಪ್ಪದೆ ನುಂಗಿದ ಮಗುವನ್ನು ನಾನಂತೂ ನೋಡಿಲ್ಲ.

ನೋವು ನಿಜ. ದಪ್ಪ ಔಷಧಿ, ದಪ್ಪ ಸೂಜಿ. ಜಾಗ ಮರಗಟ್ಟಿಸುವ ಲಿಗ್ನೊಕೇನ್ ಸ್ವಲ್ಪ ಬೆರೆಸಿ ಹಾಕಿದರೆ ನೋವು ಚೆನ್ನಾಗಿ ಕಡಿಮೆ ಆಗುತ್ತದೆ. ನರ್ಸ್ ಹತ್ತಿರ ಕೇಳಿ, ನಾಚಿಕೆ ಬೇಡ. ಔಷಧಿ ನಿಧಾನಕ್ಕೆ ಬಿಡಲಿ. ಮಗು ಹಸಿದಿರಬಾರದು, ನೀರು ಕುಡಿದಿರಲಿ, ಮಲಗಿಸಿಯೇ ಹಾಕಲಿ. 21 ದಿನ ಅಂದರೆ ಯಾವಾಗಲೂ ಅದೇ ವಾರ ಬರುತ್ತದೆ ಅಲ್ವಾ, ಹಾಗಾಗಿ ಅರ್ಧ ದಿನ ಶಾಲೆ ಇರುವ ಶನಿವಾರಕ್ಕೆ ಶುರು ಮಾಡಿದರೆ ಲೆಕ್ಕ ತಪ್ಪುವುದಿಲ್ಲ. ಹಬ್ಬ, ಜಾತ್ರೆ, ಪರೀಕ್ಷೆ ಬಂದರೆ ಎರಡು ದಿನ ಮೊದಲು ಹಾಕಿಸಿ, ತಡ ಮಾಡಬೇಡಿ.

ಕೆಲವು ಕಡೆ ಇಂಜೆಕ್ಷನ್ ಹಾಕಲು ಸಿಬ್ಬಂದಿಯೇ ಹೆದರುತ್ತಾರೆ, ‘ಇಲ್ಲಿ ಹಾಕುವುದಿಲ್ಲ, ದೊಡ್ಡ ಆಸ್ಪತ್ರೆಗೆ ಹೋಗಿ’ ಅನ್ನುತ್ತಾರೆ. ಶಾಲೆಯಲ್ಲಿ ಎಕೋ ಮಾಡುವುದು ಈಗ ಅಷ್ಟು ಕಷ್ಟ ಅಲ್ಲ. ಮಶೀನು ಕೈಚೀಲದಲ್ಲಿ ಹಿಡಿಯುತ್ತದೆ, ತರಬೇತಿ ಪಡೆದ ನರ್ಸ್‌ಗಳೇ ಮಾಡಬಲ್ಲರು. ಕಷ್ಟ ಇರುವುದು ಆಮೇಲೆ. ಇಪ್ಪತ್ತೊಂದು ದಿನಕ್ಕೊಮ್ಮೆ ಹತ್ತಿರದ ಆಸ್ಪತ್ರೆಯಲ್ಲಿ ಔಷಧಿ ಇರಬೇಕು, ಹಾಕುವವರು ಇರಬೇಕು, ತಪ್ಪಿಸಿದ ಮಗುವಿನ ಮನೆಗೆ ಫೋನ್ ಮಾಡುವವರು ಇರಬೇಕು. ಇದ್ಯಾವುದೂ ಇಲ್ಲದೆ ಒಂದು ದಿನ ಬಂದು ಚೀಟಿ ಹಂಚಿ ಹೋಗುವ ಶಿಬಿರದ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. ಭಯ ಹಂಚಿದ ಹಾಗಾಗುತ್ತದೆ ಅಷ್ಟೇ. ಜಿಲ್ಲೆಯ ಎಲ್ಲ ಮಕ್ಕಳಿಗೂ ಎಕೋ ಮಾಡಬೇಕಾ ಅಂತ ಕೇಳಿದರೆ, ಮೊದಲು ಹಾಸ್ಟೆಲ್, ಆಶ್ರಮ ಶಾಲೆಗಳಲ್ಲಿ ಶುರು ಮಾಡಿ ಅನ್ನುತ್ತೇನೆ. ಇಂಜೆಕ್ಷನ್ ವ್ಯವಸ್ಥೆ ಗಟ್ಟಿಯಾದ ಮೇಲೆ ಉಳಿದ ಕಡೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ತಂಡ ಬರಬೇಕು. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದಯ ಕಾಯಿಲೆಯೂ ಇದೆ. ಆ ಕಾರ್ಯಕ್ರಮದ ಮೂಲಕ ಹೋದರೆ ಮುಂದಿನ ಪರೀಕ್ಷೆ, ಚಿಕಿತ್ಸೆ ಉಚಿತ. ನಿಮ್ಮ ಚೀಟಿ ಹಿಡಿದು ಕುಮಟಾ ತಾಲೂಕು ಆಸ್ಪತ್ರೆಯ ಮಕ್ಕಳ ವೈದ್ಯರ ಹತ್ತಿರ ಹೋಗಿ, ರೆಫರಲ್ ಪತ್ರ ಬರೆಸಿಕೊಳ್ಳಿ. ಆಮೇಲೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯೋ, ಹುಬ್ಬಳ್ಳಿಯೋ, ಮಣಿಪಾಲವೋ, ಮಕ್ಕಳ ಎಕೋ ಯಾವ ದಿನ ಸಿಗುತ್ತದೆ ಅಂತ ಫೋನ್ ಮಾಡಿ ಕೇಳಿಯೇ ಹೊರಡಿ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಇದ್ದರೆ ಸುಲಭ. ಬೋಟು ನಿಲ್ಲುವ ಜೂನ್, ಜುಲೈಗೆ ಯಜಮಾನರು ಮನೆಯಲ್ಲಿರುತ್ತಾರೆ, ಆಗ ಹೋಗೋಣ ಅಂತ ಕಾಯಬೇಡಿ. ಗಂಟಲು ನೋವು ಹರಡುವ ಮಳೆಗಾಲವೂ ಅದೇ.

ಅಷ್ಟರವರೆಗೆ ಯಕ್ಷಗಾನ ನಿಲ್ಲಿಸಬೇಡಿ. ಈಗ ಜ್ವರ ಇಲ್ಲ, ಕೀಲು ನೋವಿಲ್ಲ, ಸೋರಿಕೆ ಸ್ವಲ್ಪ. ಕುಣಿಯಲಿ. ಮತ್ತೆ ಜ್ವರ ಬಂದು ಕೀಲು ಊದಿದರೆ ಮಾತ್ರ ವಿಶ್ರಾಂತಿ ಕೊಟ್ಟು ಅದೇ ದಿನ ತೋರಿಸಿ. ಇನ್ನೊಂದು ಲಕ್ಷಣ ಟೀಚರುಗಳೂ ಗಮನಿಸಬೇಕು. ಅಕ್ಷರ ಇದ್ದಕ್ಕಿದ್ದಂತೆ ಕೆಟ್ಟರೆ, ಕೈಯಿಂದ ಲೋಟ ಬೀಳುತ್ತಿದ್ದರೆ, ಮುಖ, ಕೈಕಾಲು ತನ್ನಿಂದ ತಾನೇ ಕುಣಿದ ಹಾಗೆ ಆಡಿದರೆ, ಕಾರಣವಿಲ್ಲದೆ ಅಳು ಬಂದರೆ ಅದು ಮೈಮೇಲೆ ಬಂದದ್ದೂ ಅಲ್ಲ, ತುಂಟತನವೂ ಅಲ್ಲ. ಇದೇ ರುಮ್ಯಾಟಿಕ್ ಜ್ವರ ಮೆದುಳಿಗೆ ತಟ್ಟಿದಾಗ ಹಾಗಾಗುತ್ತದೆ. ಗಂಟಲು ನೋವು ಬಂದು ತಿಂಗಳುಗಳ ನಂತರವೂ ಬರಬಹುದು, ಹುಡುಗಿಯರಲ್ಲಿ ಜಾಸ್ತಿ. ನೆಟ್ಟಗೆ ಕೂರುವುದಿಲ್ಲ ಅಂತ ಶಾಲೆಯಲ್ಲಿ ಪೆಟ್ಟು ತಿಂದ ಮೇಲೆ ನಮ್ಮ ಹತ್ತಿರ ಬಂದ ಮಕ್ಕಳಿದ್ದಾರೆ.

ಮನೆಯಲ್ಲಿ ಯಾವ ಮಗುವಿಗಾದರೂ ಗಂಟಲು ನೋವು ಬಂದಾಗ ಒಂದನ್ನು ನೋಡಿ. ಮೂಗು ಸೋರುತ್ತ, ಕೆಮ್ಮುತ್ತ ಬಂದ ಗಂಟಲು ನೋವು ಹೆಚ್ಚಾಗಿ ವೈರಸ್‌ನದ್ದು. ಅದಕ್ಕೆ ಕಷಾಯ, ಬಿಸಿನೀರು ಸಾಕು, ಆಂಟಿಬಯೋಟಿಕ್ ಬೇಡ. ಕೆಮ್ಮು ನೆಗಡಿ ಇಲ್ಲದೆ ಒಮ್ಮೆಲೇ ಜ್ವರ, ನುಂಗಲಾಗದ ನೋವು, ಕತ್ತಿನ ಎರಡೂ ಬದಿಯಲ್ಲಿ ನೋಯುವ ಗಂಟು ಇದ್ದರೆ ವೈದ್ಯರಿಗೆ ತೋರಿಸಿ. ಶುರುವಾಗಿ ಒಂಬತ್ತು ದಿನದ ಒಳಗೆ ಔಷಧಿ ಕೊಟ್ಟರೂ ರುಮ್ಯಾಟಿಕ್ ಜ್ವರ ತಡೆಯಬಹುದು. ಮಾತ್ರೆಯಾದರೆ 10 ದಿನ ಪೂರ್ತಿ. ಎರಡನೇ ದಿನ ನೋವು ಹೋಯಿತು ಅಂತ ಉಳಿದ ಮಾತ್ರೆಯನ್ನು ಕಪಾಟಿನಲ್ಲಿಡುವುದು ನಮ್ಮೆಲ್ಲರ ಅಭ್ಯಾಸ. ಇಲ್ಲಿ ಆ ಅಭ್ಯಾಸ ದುಬಾರಿ.

ನಿಮ್ಮ ಮಗನನ್ನೂ ಅದೇ ದಿನ ಕರೆದುಕೊಂಡು ಹೋಗಿ. ಒಂದೇ ಮನೆ, ಒಂದೇ ಗಾಳಿ, ರಕ್ತ ಸಂಬಂಧ ಬೇರೆ. ಅಣ್ಣ ತಮ್ಮ ಅಕ್ಕ ತಂಗಿಯರಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೂ ಇರುವ ಸಾಧ್ಯತೆ ಸ್ವಲ್ಪ ಜಾಸ್ತಿ. ಮಗಳದ್ದು ಖಚಿತ ಆದರೆ ಅವನಿಗೂ ಎಕೋ ಮಾಡಿ ಅಂತ ಕೇಳಿ. ಎಕೋಗೆ ಸೂಜಿ ಇಲ್ಲ, ನೋವಿಲ್ಲ, ಎದೆಗೆ ತಣ್ಣನೆಯ ಜೆಲ್ ಹಚ್ಚುತ್ತಾರೆ, ಅಷ್ಟೇ. ಖಾಲಿ ಹೊಟ್ಟೆಯೂ ಬೇಡ. ಬೆಳಗಿನ ಬಸ್ಸು ಹಿಡಿಯುವುದಾದರೆ ಇಬ್ಬರಿಗೂ ತಿಂಡಿ ಕೊಟ್ಟೇ ಹೊರಡಿಸಿ.